ಇನ್ನೂರು ಗಜ ಗುನುಗು

ಮೆಹದಿಪಟ್ನಂ ಬಸ್‌ಸ್ಟ್ಯಾಂಡಿನಿಂದ ಪಶ್ಚಿಮಕ್ಕೆ ಹೊರಟ ರಸ್ತೆಯನ್ನು ಹೈದರಾಬಾದಿನ ಆಟೋದವರು, ಕಂಡಕ್ಟರುಗಳು, ಪ್ಲಾಟ್ ಮಾರುವವರು ಎಲ್ಲರೂ ‘ಬಿಜಾಪುರ ರೋಡ್’ ಎನ್ನುತ್ತಾರೆ. ಅತ್ತ ಬಿಜಾಪುರ 2014ರಲ್ಲೇ ವಿಜಯಪುರವಾಯಿತು. ಇತ್ತ ರೋಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನಾನು ಸೇಡಂ ತಾಲ್ಲೂಕಿನವನು, ಕಾಗಿಣಾ ದಂಡೆಯವನು. ಬಿಜಾಪುರಕ್ಕೂ ನನಗೂ ಬೀಗತನವಿಲ್ಲ. ಆದರೂ ಈ ಊರಿನ ಗದ್ದಲದಲ್ಲಿ ಬೋರ್ಡಿನ ಮೇಲೆ ಆ ಹೆಸರು ಕಂಡರೆ ನಮ್ಮ ಕಡೆಯವರು ಯಾರೋ ಎದುರಾದ ಹಾಗೆ.

ಊರಿಗೆ ಹೋಗಲು ರೈಲೇ ಸಸ್ತಾ, ರೈಲೇ ಸುಖ. ಆದರೂ ವರ್ಷಕ್ಕೊಂದೆರಡು ಸಲ ತಾಂಡೂರಿನವರೆಗೆ ಬಸ್ಸಿನಲ್ಲೇ ಹೋಗುತ್ತೇನೆ. ಯಾಕೆ ಎಂದು ಕೇಳಿದವರಿಗೆ ದಾರಿಯ ಆಲದ ಮರಗಳನ್ನು ನೋಡಲಿಕ್ಕೆ ಎನ್ನುತ್ತೇನೆ. ಅದು ಅರ್ಧ ನಿಜ. ಉಳಿದರ್ಧ ನನ್ನ ಇನ್ನೂರು ಗಜ.

ಗಜ ಎಂದರೆ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೊಲಕ್ಕೆ ಎಕರೆ-ಗುಂಟೆ, ಸೈಟಿಗೆ ಮೂವತ್ತು-ನಲವತ್ತು. ಇಲ್ಲಿ ಸೈಟು ಎಂಬ ಮಾತಿಲ್ಲ, ಪ್ಲಾಟು. ಅದರ ಅಳತೆ ಗಜ. ಅರಿವೆ ಅಂಗಡಿಯ ಗಜವೇ ನೆಲಕ್ಕಿಳಿದು ಚದರವಾಗಿದೆ, ಆ ಚದರವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಗುಂಟೆಗೆ 121 ಗಜ, ನಲವತ್ತು ಗುಂಟೆಯ ಎಕರೆಗೆ 4,840 ಗಜ. ಈ ಮಗ್ಗಿ ಬಾರದವನು ಹೈದರಾಬಾದಿನಲ್ಲಿ ಮದುವೆಯ ಮಾತುಕತೆಗೂ ಕೂಡುವಂತಿಲ್ಲ.

ಇದೇ ಬಿಜಾಪುರ ರೋಡಿನಲ್ಲಿ ಬಸ್ಸಿಳಿಯುತ್ತ ಇಳಿಯುತ್ತ ನೆಲದ ಬೆಲೆ ಕೇಳಿನೋಡಿ. ಮೊಯಿನಾಬಾದಿನಲ್ಲಿ ಗಜದ ಲೆಕ್ಕದಲ್ಲಿ ಹೇಳುತ್ತಾರೆ. ಚೇವೆಳ್ಳ ದಾಟಿದರೆ ಗುಂಟೆ. ಮನ್ನೆಗೂಡ ದಾಟಿ ಪರಿಗಿ ಕಡೆ ಹೊರಳಿದರೆ ಎಕರೆ. ತಾಂಡೂರಿನ ಆಚೆಯ ತೊಗರಿ ಹೊಲದಲ್ಲಿ ನಿಂತು ಕೇಳಿದರೆ ರೈತ ನೆಲದ ಮಾತೇ ಎತ್ತುವುದಿಲ್ಲ, ಈ ಸಲ ಎಷ್ಟು ಕ್ವಿಂಟಲ್ ಆಯಿತೆಂದು ಹೇಳುತ್ತಾನೆ. ಪಟ್ಟಣ ಎಲ್ಲಿಗೆ ಮುಗಿಯಿತು ಎಂಬುದಕ್ಕೆ ನನಗೆ ಬೇರೆ ಗುರುತು ಬೇಡ. ನಾನು ಈ ಊರಿಗೆ ಬಂದ ಹೊಸದರಲ್ಲಿ ಗಜದ ಗಡಿ ಲಂಗರ್‌ಹೌಸಿನ ಆಸುಪಾಸಿನಲ್ಲಿತ್ತು. ಈಗ ಅದು ಹಳ್ಳಿಗಳಿಗೆ ಓಡುವ ಪಲ್ಲೆವೆಲುಗು ಬಸ್ಸಿಗಿಂತ ಜೋರಾಗಿ ಓಡುತ್ತಿದೆ.

ಆಗ ಇದೆಲ್ಲ ಒಂದೇ ರಂಗಾರೆಡ್ಡಿ ಜಿಲ್ಲೆ. 1978ರಲ್ಲಿ ಹೈದರಾಬಾದಿನ ಸುತ್ತಲ ಹಳ್ಳಿಗಳನ್ನು ಬೇರ್ಪಡಿಸಿ ಮಾಡಿದ್ದು. ನಕಾಶೆಯಲ್ಲಿ ಉದ್ದಿನ ವಡೆಯ ಹಾಗೆ ಕಾಣುತ್ತಿತ್ತು: ನಡುವಿನ ತೂತು ನಗರ, ಸುತ್ತಲ ಹಿಟ್ಟು ಜಿಲ್ಲೆ. ತೂತು ಬೆಳೆಯುತ್ತ ಬೆಳೆಯುತ್ತ ವಡೆಯನ್ನೇ ತಿನ್ನುವುದನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. 2016ರಲ್ಲಿ ಉಳಿದ ವಡೆಯನ್ನು ಮೂರು ತುಂಡು ಮಾಡಿದರು. ವಿಕಾರಾಬಾದ್ ಬೇರೆ ಜಿಲ್ಲೆಯಾಯಿತು. ನೋಡುತ್ತಿದ್ದೇನೆ ಎಂದೆನಲ್ಲ, ಅದು ಪೂರ್ತಿ ಪ್ರಾಮಾಣಿಕವಾದ ಮಾತಲ್ಲ. ತಿಂದವರಲ್ಲಿ ನಾನೂ ಒಬ್ಬ.

1998ರ ಒಂದು ಆದಿತ್ಯವಾರ. ಆಫೀಸಿನ ಗೆಳೆಯನೊಬ್ಬ ‘ಸುಮ್ನೆ ನೋಡಿ ಬರೋಣ ಬಾ’ ಎಂದು ಜೀಪಿನಲ್ಲಿ ಕೂರಿಸಿಕೊಂಡು ಹೋದ. ಹೊಲ ಕತ್ತರಿಸಿ ಪ್ಲಾಟು ಮಾಡಿ ಮಾರುವುದಕ್ಕೆ ಇಲ್ಲಿ ‘ವೆಂಚರ್’ ಎನ್ನುತ್ತಾರೆ. ಮಾರುವವನಿಗಲ್ಲ, ಕೊಳ್ಳುವವನಿಗೆ ಅದು ನಿಜವಾದ ಸಾಹಸವೆಂದು ಆಗ ಗೊತ್ತಿರಲಿಲ್ಲ. ಕಮಾನು, ಕಮಾನಿಗೆ ಮಾವಿನ ತೋರಣ, ಒಳಗೆ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ಶಾಲೆಯ ಡ್ರಿಲ್ಲಿಗೆ ನಿಂತ ಹುಡುಗರ ಹಾಗೆ. ಶಾಮಿಯಾನಾದಲ್ಲಿ ಪೂರಿ, ಉಪ್ಪಿಟ್ಟು, ಚಹಾ. ಏಜೆಂಟು ನನ್ನ ಹೆಗಲ ಮೇಲೆ ಕೈಹಾಕಿ, ಅಣ್ಣಾ ಅಣ್ಣಾ ಎನ್ನುತ್ತ ಒಂದು ಕಲ್ಲಿನ ಹತ್ತಿರ ಕರೆದೊಯ್ದು, ‘ಇದು ಈಶಾನ್ಯದ ಪ್ಲಾಟು, ನಿನಗೋಸ್ಕರ ಹಿಡಿದಿಟ್ಟಿದ್ದೇನೆ’ ಎಂದ. ಅರ್ಧ ತಾಸಿನ ಹಿಂದೆ ನನ್ನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಮೂವತ್ತು ಅಡಿ ಅಗಲ, ಅರವತ್ತು ಅಡಿ ಉದ್ದ, ಇನ್ನೂರು ಗಜ. ಹೆಂಡತಿಯ ಎರಡು ಬಳೆ ಬ್ಯಾಂಕಿಗೆ ಹೋದವು. ಬಳೆ ಕೊಡುವಾಗ ಅವಳು ಒಂದೇ ಮಾತು ಕೇಳಿದ್ದಳು: ‘ಏನ್ರಿ, ಅಲ್ಲಿ ಮನಿ ಕಟ್ಟಲಿಕ್ಕೆ ಆಗ್ತದಲ್ಲ?’ ನಾನು ಜೋರಾಗಿ ನಕ್ಕಿದ್ದೆ.

ಆಗುವುದಿಲ್ಲ ಎಂದು ತಿಳಿದದ್ದು ಮರುವರ್ಷ. ಪ್ಲಾಟು ನೋಡಲು ಹೋಗಿ, ಹಳ್ಳಿಯ ಕಿರಾಣಿ ಅಂಗಡಿಯ ಮುಂದೆ ಸೋಡಾ ಕುಡಿಯುತ್ತಿದ್ದಾಗ ಅಂಗಡಿಯವನು ಬಲು ಮೃದುವಾಗಿ ಕೇಳಿದ: ‘ಜೀವೋ ಸಂಗತಿ ತೆಲುಸಾ ಸಾರ್?’

ಸರ್ಕಾರಿ ಆದೇಶಕ್ಕೆ ಇಲ್ಲಿ ಜೀವೋ ಎನ್ನುತ್ತಾರೆ. ಇದು ಜೀವೋ ನಂಬರ್ 111, ಜನರ ಬಾಯಲ್ಲಿ ‘ತ್ರಿಪಲ್ ಒನ್’. 1996ರ ಮಾರ್ಚ್ 8ರದು. ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ ಎರಡೂ ಕೆರೆಗಳ ಸುತ್ತ ಹತ್ತು ಕಿಲೋಮೀಟರಿನೊಳಗಿನ 84 ಹಳ್ಳಿಗಳಲ್ಲಿ ಕಾರ್ಖಾನೆ, ದೊಡ್ಡ ಕಟ್ಟಡ, ಬಡಾವಣೆ ಏನೂ ಏಳಬಾರದು, ಕೆರೆಗೆ ಬರುವ ನೀರಿಗೆ ಕೊಳಕು ಸೇರಬಾರದು ಎಂಬುದು ಅದರ ಸಾರ. ನಾನು ಪ್ಲಾಟು ಕೊಳ್ಳುವ ಹೊತ್ತಿಗೆ ಅದಕ್ಕೆ ಎರಡು ವರ್ಷ ತುಂಬಿತ್ತು. ಪೂರಿ ಬಡಿಸಿದ ಯಾರೂ ಅದರ ಸುದ್ದಿ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಪೂರಿ ಚೆನ್ನಾಗಿತ್ತು.

ಆ ಜೀವೋದ ಮೂಲ ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಒಬ್ಬ ಕನ್ನಡಿಗ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಹುಣಸೆಮರವೊಂದನ್ನು ಹತ್ತಿ ಸುಮಾರು ನೂರೈವತ್ತು ಜನ ಬದುಕಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಈಗಲೂ ಇದೆ. ಮರುವರ್ಷ ನಿಜಾಮ ಸರ್ಕಾರ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಊರು ಉಳಿಯಬೇಕಾದರೆ ನೀರನ್ನು ಊರಿನ ಮೇಲುಗಡೆಯೇ ತಡೆಯಬೇಕು ಎಂದರು ಅವರು. ಹಾಗೆ ಮೂಸಿಗೆ ಅಡ್ಡಲಾಗಿ ಗಂಡಿಪೇಟೆಯ ಉಸ್ಮಾನ್‌ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್‌ಸಾಗರ 1927ರಲ್ಲಿ ಎದ್ದವು. ಕೆರೆ ಕಾಯಲು ಜೀವೋ ಬಂತು, ಜೀವೋದ ಕೆಳಗೆ ನನ್ನ ಪ್ಲಾಟು ಸಿಕ್ಕಿಕೊಂಡಿತು. ಪ್ರತಿ ಸೆಪ್ಟೆಂಬರ್ 15ಕ್ಕೆ ಇಲ್ಲಿನ ಕನ್ನಡ ಬಳಗದಲ್ಲಿ ಎಂಜಿನಿಯರುಗಳ ದಿನದ ಭಾಷಣ ಕೇಳುವಾಗ ನಾನು ಉಳಿದವರಷ್ಟು ಜೋರಾಗಿ ಚಪ್ಪಾಳೆ ಹೊಡೆಯುವುದಿಲ್ಲ.

ಅಂದಿನಿಂದ ನನ್ನೊಳಗೆ ಇಬ್ಬರಿದ್ದಾರೆ. ಗಂಡಿಪೇಟೆಯ ನೀರು ಕುಡಿದವನು ತ್ರಿಪಲ್ ಒನ್ ಉಳಿಯಲಿ ಎನ್ನುತ್ತಾನೆ. ಪತ್ರಿಕೆಗೆ ಪತ್ರ ಬರೆಯುವವನೂ ಅವನೇ. ಇನ್ನೂರು ಗಜದವನು ಅದು ಯಾವಾಗ ಎದ್ದೀತು ಎಂದು ತೆಲುಗು ಪೇಪರಿನ ಜಿಲ್ಲಾ ಪುಟ ತಿರುವುತ್ತಾನೆ. 2022ರ ಏಪ್ರಿಲ್‌ನಲ್ಲಿ ಸರ್ಕಾರ ಷರತ್ತುಗಳೊಂದಿಗೆ ಆ ನಿರ್ಬಂಧ ತೆಗೆಯುವ 69ನೇ ಜೀವೋ ಹೊರಡಿಸಿದ ದಿನ ಮೊದಲನೆಯವನು ಊಟ ಬಿಟ್ಟ, ಎರಡನೆಯವನು ಮೈಸೂರುಪಾಕು ತಂದ. ಪ್ಲಾಟಿನಲ್ಲಿ ಮಾತ್ರ ಕಟ್ಟಲು ಆಮೇಲೂ ಬರಲಿಲ್ಲ.

ಹಳ್ಳಿಯವರ ಮಾತು ಬೇರೆಯೇ. ಮೊಯಿನಾಬಾದಿನ ಸ್ಟಾಪಿನಲ್ಲಿ ಒಮ್ಮೆ ಬಸ್ಸಿಗೆ ಕಾಯುತ್ತ ಒಬ್ಬ ಮುದುಕ ರೈತನೊಡನೆ ಈ ಜೀವೋದ ಗುಣಗಾನ ಮಾಡುತ್ತಿದ್ದೆ. ಆತ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ್ದು (ಆತನ ತೆಲುಗು ನನ್ನ ಕಿವಿಯಲ್ಲಿ ಸೇಡಂ ಕನ್ನಡವಾಗಿಯೇ ಇಳಿಯುತ್ತದೆ): ‘ನಿಮಗ ನೀರು ಬೇಕು, ಗಾಳಿ ಬೇಕು, ಆದಿತ್ವಾರ ಬಂದು ಕೂಡಲಿಕ್ಕೆ ಹಸರು ಬೇಕು. ನಾನು ಮಗಳ ಲಗ್ನಕ್ಕ ಎರಡು ಎಕರೆ ಮಾರಲಿಕ್ಕೆ ಹೋದ್ರ ಜೀವೋ ಅಂತಾರ. ದೊಡ್ಡವರ ಫಾರಂಹೌಸು, ಫಂಕ್ಷನ್ ಹಾಲು ಏಳೋವಾಗ ಈ ಜೀವೋ ಎಲ್ಲಿ ಮಲಗಿತ್ತು ಸಾರೂ?’ ನನ್ನ ಬಳಿ ಉತ್ತರವಿರಲಿಲ್ಲ. ಎದುರಿಗೇ ಫಂಕ್ಷನ್ ಹಾಲಿನ ದೀಪಗಳು ಹತ್ತಿದ್ದವು.

ದಾರಿಯ ಮಾತಿಗೆ ಬರುತ್ತೇನೆ. ನಗರದ ಸುತ್ತ 158 ಕಿಲೋಮೀಟರ್ ಸುತ್ತಿಕೊಂಡ ಔಟರ್ ರಿಂಗ್ ರೋಡನ್ನು ದಾಟುವ ಜಾಗಕ್ಕೆ ‘ಅಪ್ಪಾ ಜಂಕ್ಷನ್’ ಎಂದು ಹೆಸರು. ಅಲ್ಲಿ ಯಾರ ಅಪ್ಪನೂ ಇಲ್ಲ, ಆಂಧ್ರಪ್ರದೇಶ ಪೊಲೀಸ್ ಅಕಾಡೆಮಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ರಾಜ್ಯ ಬದಲಾಯಿತು, ಅಕಾಡೆಮಿಯ ಹೆಸರು ಬದಲಾಯಿತು, ಅಪ್ಪ ಮಾತ್ರ ಉಳಿದ. ಅಲ್ಲಿಂದ ಮನ್ನೆಗೂಡದವರೆಗಿನ 46 ಕಿಲೋಮೀಟರಿನಲ್ಲಿ ಸುಮಾರು ಒಂಬೈನೂರು ಆಲದ ಮರಗಳು. ನಿಜಾಮರ ಕಾಲದವು.

ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತರೆ ಒಂದು ಚೋದ್ಯ ಕಾಣುತ್ತದೆ. ಎರಡೂ ಬದಿಯ ಮರಗಳು ರಸ್ತೆಯ ಮೇಲೆ ಕೂಡಿಕೊಂಡು ಗವಿಯಾಗಿವೆ. ಆ ಗವಿಯ ಒಳಮೈ ಸರಿಯಾಗಿ ಲಾರಿಯ ಆಕಾರ. ಯಾರೂ ಕತ್ತರಿ ಹಿಡಿದು ಕತ್ತರಿಸಿದ್ದಲ್ಲ. ಹುಲ್ಲಿನ ಲಾರಿ, ಹತ್ತಿಯ ಲಾರಿ, ಬಸ್ಸಿನ ನೆತ್ತಿ ವರ್ಷಗಟ್ಟಲೆ ಸವರಿ ಸವರಿ ಮಾಡಿದ್ದು. ಹೊಲದ ಕಡೆಗಿಳಿದ ಬಿಳಲು ನೆಲ ಮುಟ್ಟಿ ಕಂಬವಾಗಿದೆ, ರೋಡಿನ ಕಡೆಗಿಳಿದ ಬಿಳಲು ಹನ್ನೆರಡು-ಹದಿಮೂರು ಅಡಿ ಎತ್ತರದಲ್ಲಿ ಕುಂಚದ ಹಾಗೆ ಮೊಂಡಾಗಿದೆ. ಬೊಡ್ಡೆಗೆ ಬಳಿದ ಸುಣ್ಣದ ಪಟ್ಟಿಯ ಮೇಲೆ ಮೊಳೆ ಹೊಡೆದು ತಗಡು: ಇಂಥಲ್ಲಿ ಪ್ಲಾಟುಗಳಿವೆ, ಇಷ್ಟು ಗಜ, ಫೋನ್ ನಂಬರು. ಮೊಳೆಯ ಸುತ್ತ ತೊಗಟೆ ಉಬ್ಬಿ ತಗಡಿನ ಅಂಚನ್ನು ನುಂಗಲು ಹತ್ತಿದೆ. ಒಂದು ಮರದಲ್ಲಿ ಫೋನ್ ನಂಬರಿನ ಕೊನೆಯ ಎರಡು ಅಂಕಿ ಆಗಲೇ ಮರದ ಹೊಟ್ಟೆ ಸೇರಿವೆ.

ಈ ಮರಗಳಿಗಾಗಿ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ಹಸಿರು ನ್ಯಾಯಮಂಡಳಿಯ ಬಾಗಿಲಲ್ಲಿ ನಿಂತಿತ್ತು. ಮರ ಉಳಿಸಿ ಎಂಬ ಮನವಿಗೆ ಸಹಿ ಹಾಕಿದವರಲ್ಲಿ ನಾನೂ ಇದ್ದೇನೆ. 2025ರ ನವೆಂಬರ್ 3ರ ಬೆಳಿಗ್ಗೆ ತಾಂಡೂರಿನಿಂದ ಬರುತ್ತಿದ್ದ ಬಸ್ಸಿಗೆ ಚೇವೆಳ್ಳ ಹತ್ತಿರ ಮಿರ್ಜಾಗೂಡದ ಬಳಿ ಜಲ್ಲಿ ತುಂಬಿದ ಟಿಪ್ಪರ್ ಡಿಕ್ಕಿ ಹೊಡೆಯಿತು. ಜಲ್ಲಿಯೆಲ್ಲ ಬಸ್ಸಿನೊಳಗೆ ಸುರಿಯಿತು. 19 ಮಂದಿ ಸತ್ತರು. ಪಟ್ಟಣಕ್ಕೆ ಓದಲು, ಕೆಲಸಕ್ಕೆ ಹೊರಟವರು ಆ ಬಸ್ಸಿನಲ್ಲಿದ್ದರು. ಮರುವಾರ ತಾಂಡೂರಿನ ನೆಂಟರೊಬ್ಬರು ಫೋನಿನಲ್ಲಿ, ‘ನಿಮಗ ಗಿಡ ಬೇಕ್ರಿ, ನಾವು ದಿನಾ ಅದೇ ಬಸ್ಸಿನಾಗ ಬರ್ತೀವಿ’ ಎಂದರು. ಮರ ಉಳಿಸಿಕೊಂಡೇ ರಸ್ತೆ ಅಗಲ ಮಾಡಲು ಬರುತ್ತದೆ, ಬೇರೆ ಕಡೆ ಮಾಡಿದ್ದಾರೆ ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಆ ಫೋನಿನಲ್ಲಿ ಅದನ್ನು ಹೇಳಲಿಲ್ಲ.

ಬೆಳಗಿನ ಬಸ್ಸುಗಳಲ್ಲಿ ಪಟ್ಟಣಕ್ಕೆ ಬರುವುದು ಹೆಚ್ಚಾಗಿ ಸೊಪ್ಪು. ಮೆಹದಿಪಟ್ನಂ ರೈತು ಬಜಾರಿಗೆ ಪಾಲಕ, ಮೆಂತ್ಯ, ಕೊತ್ತಂಬರಿಯ ಗಂಟುಗಳೊಂದಿಗೆ ಹೆಂಗಸರು ಇಳಿಯುತ್ತಾರೆ; ಒದ್ದೆ ಗೋಣಿತಾಟಿನ ವಾಸನೆ ಬಸ್ಸು ಖಾಲಿಯಾದ ಮೇಲೂ ಉಳಿದಿರುತ್ತದೆ. 2023ರ ಡಿಸೆಂಬರಿನಿಂದ ಇವರಿಗೆ ಜೀರೋ ಟಿಕೆಟ್, ನಮ್ಮ ಕರ್ನಾಟಕದ ಶಕ್ತಿಯ ಹಾಗೆಯೇ. ಹೆಂಗಸರಿಗೆ ಟಿಕೆಟಿಲ್ಲ, ಗಂಟಿಗೆ ಇದೆ ಎಂದು ಕಂಡಕ್ಟರ್. ಗಂಟೂ ಹೆಂಗಸಿನದೇ ಅಲ್ಲವೇ ಎಂದು ಅವರು. ಈ ಜಗಳ ಅಪ್ಪಾ ಜಂಕ್ಷನ್‌ನಿಂದ ಲಂಗರ್‌ಹೌಸ್‌ವರೆಗೆ ಆರಾಮಾಗಿ ನಡೆಯುತ್ತದೆ.

ಪಶ್ಚಿಮಕ್ಕೆ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. ಹೈದರಾಬಾದಿನ ಬೂದು ಗುಂಡುಗಲ್ಲುಗಳು (250 ಕೋಟಿ ವರ್ಷದವು, ಗಚ್ಚಿಬೌಲಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಸಿಡಿದು ಜಲ್ಲಿಯಾಗುತ್ತವೆ) ಹಿಂದುಳಿದು, ಎರೆಮಣ್ಣು ಶುರುವಾಗುತ್ತದೆ. ವಿಕಾರಾಬಾದಿನ ಅನಂತಗಿರಿ ಗುಡ್ಡ ಬಂದರೆ ನನಗೆ ಊರು ಬಂದ ಹಾಗೆ. ಅಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಪೂರ್ವಕ್ಕೆ ಹರಿದದ್ದು ಮೂಸಿಯಾಗಿ, ಗಂಡಿಪೇಟೆಯಲ್ಲಿ ತಂಗಿ, ಹೈದರಾಬಾದಿನ ಹೊಲಸನ್ನೆಲ್ಲ ಹೊತ್ತು ನಲ್ಗೊಂಡದ ಕಡೆ ನಡೆಯುತ್ತದೆ. ಪಶ್ಚಿಮಕ್ಕೆ ಹರಿದದ್ದು ಕಾಗಿಣಾ ಆಗಿ, ತಾಂಡೂರು ದಾಟಿ, ರಾಷ್ಟ್ರಕೂಟರ ಮಳಖೇಡದ ಕೋಟೆಯ ಕಾಲು ತೊಳೆದು ಭೀಮೆಗೆ ಸೇರುತ್ತದೆ. ನನ್ನ ಬಾಲ್ಯದ ಈಜೂ ನನ್ನ ನಲ್ಲಿಯ ನೀರೂ ಒಂದೇ ಗುಡ್ಡದವು ಎಂದು ತಿಳಿದಾಗ ನನಗೆ ನಲವತ್ತು ದಾಟಿತ್ತು. ಭೂಗೋಳದ ಮೇಷ್ಟ್ರು ನೈಲ್ ನದಿಯ ಮೂಲ ಹೇಳಿಕೊಟ್ಟಿದ್ದರು, ಕಾಗಿಣಾದ್ದು ಹೇಳಿರಲಿಲ್ಲ.

ತಾಂಡೂರು, ಕೊಡಂಗಲ್ ಎರಡೂ 1956ರವರೆಗೆ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯಗಳ ವಿಂಗಡಣೆಯಾದಾಗ ಅವು ಆಚೆ ಉಳಿದವು. ಫರಸಿ ಕಲ್ಲಿನ ಪದರು ಗಡಿ ಕೇಳಲಿಲ್ಲ, ತಾಂಡೂರಿನಿಂದ ಶಹಾಬಾದಿನವರೆಗೆ ಹಾಸಿಕೊಂಡೇ ಇದೆ. ತೊಗರಿಯೂ ಹಾಗೇ: ಅತ್ತ ಕಲಬುರಗಿ ತೊಗರಿಗೆ ಒಂದು ಜಿಐ ಪಟ್ಟ, ಇತ್ತ ತಾಂಡೂರು ತೊಗರಿಗೆ ಇನ್ನೊಂದು. ಸಾರು ಮಾಡಿಟ್ಟರೆ ಯಾವುದು ಯಾವ ರಾಜ್ಯದ್ದೆಂದು ನಮ್ಮವ್ವನೂ ಹೇಳಲಾರಳು.

ಹೋದ ಸಲದ ದಸರಾ ಹತ್ತಿರ ಬಂದಿತ್ತು. ಊರಿಗೆ ಹೋಗುವ ದಾರಿಯಲ್ಲಿ ಇಳಿದು, ನನ್ನ ಇನ್ನೂರು ಗಜವನ್ನು ಮಾತಾಡಿಸಿ ಹೋಗೋಣವೆಂದುಕೊಂಡೆ. ಹೋಗಿ ಆರು ವರ್ಷವಾಗಿತ್ತು. ಕಮಾನು ಬಿದ್ದಿತ್ತು. ಡ್ರಿಲ್ಲಿಗೆ ನಿಂತ ಹುಡುಗರಲ್ಲಿ ಮುಕ್ಕಾಲು ಪಾಲು ಗೈರುಹಾಜರು. ಯಾರದೋ ದನದ ಕೊಟ್ಟಿಗೆಗೆ, ಇನ್ನಾರದೋ ಬಟ್ಟೆ ಒಗೆಯುವ ಕಲ್ಲಿಗೆ ಅವು ಕೆಲಸಕ್ಕೆ ಸೇರಿದ್ದವು. ಕೈಯಲ್ಲಿ ಕಾಗದ ಹಿಡಿದು, ಬೇವಿನ ಮರದಿಂದ ಹೆಜ್ಜೆ ಎಣಿಸಿಕೊಂಡು ನನ್ನ ಜಾಗ ಹುಡುಕಿದೆ. ನಾಲ್ಕು ಕಲ್ಲಿನಲ್ಲಿ ಒಂದು ಇತ್ತು.

ಉಳಿದದ್ದೆಲ್ಲ ಗುನುಗು. ಮೊಣಕಾಲೆತ್ತರ, ಬುಡಕ್ಕೆ ಬಿಳಿ, ತುದಿಗೆ ಬಂದಂತೆ ತಿಳಿ ಗುಲಾಬಿ, ದೀಪದ ಬತ್ತಿಯಂಥ ಹೂಗಳು ಸಾವಿರ ಸಾವಿರ. ನಮ್ಮ ಸೇಡಂ ಕಡೆ ತೊಗರಿ ಹೊಲದಲ್ಲಿ ಇದು ಕಳೆ, ಕಿತ್ತು ಬದುವಿಗೆ ಎಸೆಯುತ್ತಾರೆ. ಇಲ್ಲಿ ಅದೇ ದೇವರು. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಬತುಕಮ್ಮ. ತಾಂಬಾಳದಲ್ಲಿ ಗುನುಗು, ತಂಗಡಿ, ಚೆಂಡುಹೂವನ್ನು ಸುತ್ತು ಸುತ್ತಾಗಿ ಗೋಪುರ ಪೇರಿಸಿ, ನೆತ್ತಿಯಲ್ಲಿ ಅರಿಸಿನದ ಗೌರಮ್ಮನನ್ನು ಕೂರಿಸಿ, ಹೆಂಗಸರು ಸುತ್ತ ಚಪ್ಪಾಳೆ ಹಾಕಿ ಹಾಡಿ, ಕೆರೆಗೆ ಬಿಡುತ್ತಾರೆ. ತಂಗಡಿಯಂತೂ ತೆಲಂಗಾಣದ ರಾಜ್ಯಪುಷ್ಪ. ಗುನುಗು, ತಂಗಡಿ ಎರಡೂ ಬಿತ್ತಿ ಬೆಳೆಯುವ ಹೂಗಳಲ್ಲ, ಪಾಳುಬಿದ್ದ ನೆಲ ಬೇಕು. ಪಟ್ಟಣದ ಸುತ್ತ ಪಾಳುನೆಲ ಉಳಿದಿರುವುದು ನಮ್ಮಂಥವರು ಕೊಂಡುಹಾಕಿ ಏನೂ ಕಟ್ಟಲಾಗದ ವೆಂಚರುಗಳಲ್ಲಿ.

ಇಬ್ಬರು ಹೆಂಗಸರು ಕುಡುಗೋಲು ಹಿಡಿದು ಕೊಯ್ಯುತ್ತಿದ್ದರು. ಹಿರಿಯಳು ನನ್ನನ್ನೂ ಕೈಯ ಕಾಗದವನ್ನೂ ನೋಡಿ ಸೊಂಟ ನೆಟ್ಟಗೆ ಮಾಡಿಕೊಂಡಳು.

‘ಪ್ಲಾಟು ನೋಡಲಿಕ್ಕೆ ಬಂದ್ಯಾ ಅಯ್ಯಾ?’

‘ಹೂಂ ಅಕ್ಕಾ. ಇದು ಯಾರದು?’

‘ಯಾರೋ ಪಟ್ನಂ ಸಾರಂದು. ಅಮೆರಿಕಾದಾಗ ಇರ್ತಾನಂತ. ಒಂದು ದಿನಾನೂ ಬರಂಗಿಲ್ಲ.’ ಆಮೇಲೆ ದನಿ ತಗ್ಗಿಸಿ, ‘ತಗೋಬ್ಯಾಡ. ಮನಿ ಕಟ್ಟಲಿಕ್ಕೆ ಬರಂಗಿಲ್ಲ. ಜೀವೋ ಅದ’ ಎಂದಳು.

ಇಪ್ಪತ್ತೇಳು ವರ್ಷದ ಕೆಳಗೆ ಆ ಶಾಮಿಯಾನಾದಲ್ಲಿ ಈ ಹೆಂಗಸು ಇರಬೇಕಿತ್ತು. ಆ ಸಾರು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ ಆಕೆ ಕುಡುಗೋಲು ಕೆಳಗಿಡುತ್ತಿದ್ದಳು, ಹೂವಿಗೆ ನನ್ನನ್ನು ಕೇಳಬೇಕಾಗುತ್ತಿತ್ತು; ಎರಡೂ ನನಗೆ ಬೇಡವಾಗಿತ್ತು. ಎಲ್ಲಿಗೆ ಒಯ್ಯುತ್ತೀರಿ ಎಂದೆ. ಗುಡಿಮಲ್ಕಾಪುರದ ಹೂವಿನ ಮಾರ್ಕೆಟ್ಟಿಗೆ ಎಂದಳು. ಅದು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ‘ಒಂದು ಕಟ್ಟು ನನಗೆ ಕೊಡಕ್ಕಾ’ ಎಂದೆ. ‘ಮೂವತ್ತು’ ಎಂದಳು. ಚೌಕಾಸಿ ಮಾಡಿದೆ. ಅಭ್ಯಾಸ. ‘ಮಾರ್ಕೆಟ್ಟಿನಾಗ ಐವತ್ತು ಕೊಡ್ತೀಯಲ್ಲ, ಇಲ್ಲಿ ಗುಡ್ಡ ತಿರುಗಿ ಕೊಯ್ದವರಿಗೆ ಕೊಡಲಿಕ್ಕೆ ಏನು ರೋಗ?’ ಎಂದಳು. ಮೂವತ್ತು ಕೊಟ್ಟೆ.

ಊರಿಗೆ ಹೋಗಲಿಲ್ಲ. ಹೂವಿನ ಕಟ್ಟು ತೊಡೆಯ ಮೇಲಿಟ್ಟುಕೊಂಡು ತಿರುಗಿ ಪಟ್ಟಣದ ಬಸ್ಸು ಹತ್ತಿದೆ. ಹೆಂಡತಿ ಅದನ್ನು ಪಕ್ಕದ ಮನೆಯ ಹುಡುಗಿಯರ ಬತುಕಮ್ಮಕ್ಕೆ ಕೊಟ್ಟಳು. ಎಲ್ಲಿಯದು ಎಂದು ಕೇಳಿದಳು, ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಎರಡು ಬಳಿಗೆ ಒಂದು ಕಟ್ಟು ಹೂವು ಬಂತಲ್ಲ ಅಂತೂ’ ಎಂದಳು.

ರಾತ್ರಿ ಕಾಗದ ತೆಗೆದು ಚಕ್ಕುಬಂದಿ ಓದಿದೆ. ಪೂರ್ವಕ್ಕೆ ಪ್ಲಾಟ್ ನಂಬರ್ 47, ಪಶ್ಚಿಮಕ್ಕೆ ಪ್ಲಾಟ್ ನಂಬರ್ 45, ದಕ್ಷಿಣಕ್ಕೆ ಪಾರ್ಕಿಗೆ ಬಿಟ್ಟ ಜಾಗ, ಉತ್ತರಕ್ಕೆ ಮೂವತ್ತಡಿ ರಸ್ತೆ. ನಾನು ಕಂಡದ್ದು: ಪೂರ್ವ, ಪಶ್ಚಿಮ, ದಕ್ಷಿಣ ಮೂರೂ ದಿಕ್ಕಿಗೆ ಗುನುಗು, ಉತ್ತರಕ್ಕೆ ತಂಗಡಿ.